ಫೋಟೊ ತುಂಬಿದ ಸ್ಮರಣ ಸಂಚಿಕೆ ಮಾಡುವಾಗ ಮೆಮೊರಿ ಸಾಲದೇ ಹೋದರೆ: ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಎಲ್ಲಾದರೂ ಒಂದು ಸ್ಮರಣ ಸಂಚಿಕೆ ತಯಾರಾಗುತ್ತಲೇ ಇರುತ್ತದೆ. ಶಾಲೆಗೆ ನೂರು ವರ್ಷ, ಸೊಸೈಟಿಗೆ ಐವತ್ತು ವರ್ಷ, ದೇವಸ್ಥಾನದ ಜೀರ್ಣೋದ್ಧಾರ. "ಮೇಷ್ಟ್ರೇ, ನಿಮಗೆ ಕಂಪ್ಯೂಟರ್ ಗೊತ್ತಲ್ಲ, ಸ್ವಲ್ಪ ಪೇಜ್ ಮಾಡಿಕೊಡಿ" ಅನ್ನುತ್ತಾರೆ. ಮೊದಲ ಮೂವತ್ತು ಪುಟ ಸಲೀಸಾಗಿ ಸಾಗುತ್ತದೆ. ಆಮೇಲೆ ಪುಟ ಸರಿಸಿದರೆ ಪರದೆ ಬೆಳ್ಳಗಾಗುತ್ತದೆ, ಅಕ್ಷರ ಒತ್ತಿದ ಎಷ್ಟೋ ಹೊತ್ತಿಗೆ ಮೂಡುತ್ತದೆ. ಕೊನೆಗೊಂದು ದಿನ "ಮೆಮೊರಿ ಸಾಲದು, ಈಗಲೇ ಸೇವ್ ಮಾಡಿ" ಅಂತ ವರ್ಡ್ ಕೈಯೆತ್ತುತ್ತದೆ.

ರಿಪೇರಿಯವರನ್ನು ಕೇಳಿದರೆ ಮೆಮೊರಿ ಹೆಚ್ಚಿಸಲು ರ‍್ಯಾಮ್ ಹಾಕಿಸಿ ಅನ್ನುತ್ತಾರೆ. ನನ್ನ ಪ್ರಕಾರ ಅದು ಕಟ್ಟಕಡೆಯ ಕೆಲಸ. ಪುಟ ಜಾಸ್ತಿ ಆಗಿದ್ದು ಇಲ್ಲಿ ಕಾರಣವೇ ಅಲ್ಲ. ಅಚ್ಚಾಗುವ ಜಾಗಕ್ಕೆ ಬೇಕಾದದ್ದಕ್ಕಿಂತ ಹತ್ತಿಪ್ಪತ್ತು ಪಟ್ಟು ದೊಡ್ಡ ಫೋಟೊ ಪ್ರತಿ ಪುಟದಲ್ಲೂ ಕೂತಿರುತ್ತದೆ, ಕಾರಣ ಅದು. ಅದನ್ನು ಸರಿ ಮಾಡಿದರೆ 4 ಜಿಬಿಯ ಹಳೇ ಕಂಪ್ಯೂಟರಿನಲ್ಲೂ ಇನ್ನೂರು ಪುಟದ ಪುಸ್ತಕ ಮುಗಿಸಬಹುದು.

ಮೆಸೇಜ್ ಬಂದೇ ಬಿಟ್ಟಿದೆ, ಈಗೇನು?

ಫೈಲ್ ಉಳಿಸಿಕೊಳ್ಳುವುದು ಮೊದಲು, ಕಾರಣ ಹುಡುಕುವುದು ಆಮೇಲೆ. ಅನ್‌ಡೂ ಒತ್ತುತ್ತಾ ಕೂರಬೇಡಿ. ಬ್ರೌಸರ್ ಮುಚ್ಚಿ, ವಾಟ್ಸಾಪ್ ಮುಚ್ಚಿ, ಫೋಟೊ ತೋರಿಸುವ ಪ್ರೋಗ್ರಾಂ ಮುಚ್ಚಿ. ಆಮೇಲೆ ಎಫ್12 ಒತ್ತಿ, ಸೇವ್ ಆ್ಯಸ್‌ನಲ್ಲಿ ಹೊಸ ಹೆಸರು ಕೊಟ್ಟು, ಸಾಧ್ಯವಾದರೆ ಡಿ ಡ್ರೈವ್‌ಗೆ ಉಳಿಸಿ. ಹಳೇ ಹೆಸರಿನ ಮೇಲೇ ಉಳಿಸಲು ಹೋಗಿ ಅರ್ಧದಲ್ಲಿ ನಿಂತರೆ ಎರಡೂ ಕಡೆ ನಷ್ಟ. ಸೇವ್ ಆಯಿತು ಅಂದ ಮೇಲೆ ವರ್ಡ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಬೆಳಗಿನಿಂದ ಮಾಡಿದ ಪ್ರತಿ ಬದಲಾವಣೆಯನ್ನೂ ಅನ್‌ಡೂಗೋಸ್ಕರ ಅದು ನೆನಪಿಟ್ಟುಕೊಂಡಿರುತ್ತದೆ. ಮುಚ್ಚಿ ತೆರೆದರೆ ಆ ಭಾರ ಇಳಿಯುತ್ತದೆ.

ಸೇವೂ ಆಗುತ್ತಿಲ್ಲವಾ? ಬರೆದ ಭಾಗವನ್ನು ಆಯ್ದು, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ಉಳಿಸಿ. ಫೋಟೊ ಹೇಗೂ ನಿಮ್ಮ ಹತ್ತಿರ ಇರುತ್ತದೆ, ಹೋದರೆ ಕಷ್ಟ ಆಗುವುದು ಟೈಪ್ ಮಾಡಿದ್ದು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ನೋಟ್‌ಪ್ಯಾಡ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗಾಬರಿ ಬೇಡ, ವಾಪಸ್ ತಂದು ಫಾಂಟ್ ಕೊಟ್ಟರೆ ಕನ್ನಡ ಬರುತ್ತದೆ.

ಸಾಲದೇ ಹೋಗಿದ್ದು ಯಾವ ಮೆಮೊರಿ?

ಒಂದೇ ಮೆಸೇಜ್ ನಾಲ್ಕು ಬೇರೆ ಬೇರೆ ಕಾರಣಕ್ಕೆ ಬರುತ್ತದೆ. ಯಾವುದು ಅಂತ ತಿಳಿಯದೆ ಸುಮ್ನೆ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ದಿನ ಹೋಗುತ್ತದೆ, ಅಷ್ಟೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಅದನ್ನು ಪರದೆಯ ಮೂಲೆಯಲ್ಲಿಟ್ಟುಕೊಂಡು ನಿಮ್ಮ ದಾಖಲೆಯನ್ನು ತೆರೆದು ಪುಟ ಸರಿಸಿ. ಅಲ್ಲಿ ಕಮಿಟೆಡ್ ಅಂತ ಎರಡು ಸಂಖ್ಯೆ ಇರುತ್ತದೆ. ಮೊದಲನೆಯದು ಎರಡನೆಯದರ ಹತ್ತಿರ ಹತ್ತಿರ ಬಂದರೆ ನಿಜವಾಗಿಯೂ ಕಂಪ್ಯೂಟರಿನ ಮೆಮೊರಿಯೇ ಸಾಲುತ್ತಿಲ್ಲ.

ಅಲ್ಲಿ ಜಾಗ ಇನ್ನೂ ಬೇಕಾದಷ್ಟಿದೆ, ಆದರೆ ವರ್ಡ್ 2 ಜಿಬಿ ಹತ್ತಿರ ಬರುತ್ತಲೇ ಬಿದ್ದುಹೋಗುತ್ತದೆ ಅಂದರೆ ಅದು 32 ಬಿಟ್ ವರ್ಡ್. ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂಗೆ ಮಾಮೂಲಾಗಿ ಸಿಗುವುದು 2 ಜಿಬಿ ಮಾತ್ರ. ನಿಮ್ಮಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಅದಕ್ಕೆ ಪ್ರಯೋಜನ ಇಲ್ಲ. ಫೈಲ್, ಅಕೌಂಟ್, ಅಬೌಟ್ ವರ್ಡ್‌ಗೆ ಹೋದರೆ 32 ಅಥವಾ 64 ಅಂತ ಬರೆದಿರುತ್ತದೆ. 64ಕ್ಕೆ ಬದಲಾಯಿಸಲು ಹಳೆಯದನ್ನು ತೆಗೆದು ಹೊಸದಾಗಿ ಹಾಕಬೇಕು. ಅಪಾಚೆ ಓಪನ್ ಆಫೀಸ್ ಬಳಸುವವರೂ ಗಮನಿಸಿ: ವಿಂಡೋಸ್‌ನಲ್ಲಿ ಅದು 32 ಬಿಟ್ ಮಾತ್ರ. ಲಿಬ್ರೆ ಆಫೀಸಿನ 64 ಬಿಟ್ ಆವೃತ್ತಿ ಪುಕ್ಕಟೆ ಸಿಗುತ್ತದೆ, ನೋಡಲೂ ಹಾಗೇ ಇದೆ. ಅದಕ್ಕೆ ಬದಲಾಗಿ.

ಮೂರನೆಯದು, ಸಿ ಡ್ರೈವ್ ತುಂಬಿರುವುದು. ಪ್ರೋಗ್ರಾಂ ತಾತ್ಕಾಲಿಕ ಫೈಲುಗಳನ್ನು ಬರೆಯುವುದೂ, ರ‍್ಯಾಮ್ ಸಾಲದಾಗ ವಿಂಡೋಸ್ ಹೊರೆ ಇಳಿಸುವುದೂ ಮಾಮೂಲಾಗಿ ಅಲ್ಲೇ. ಸಿ ಡ್ರೈವ್ ಕೆಂಪಾಗಿದ್ದರೆ ಮೊದಲು 10–15 ಜಿಬಿ ಖಾಲಿ ಮಾಡಿ. ಮದುವೆ ವಿಡಿಯೊಗಳನ್ನು ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದರೆ ಅವೂ ಸಿ ಡ್ರೈವ್‌ನಲ್ಲೇ ಇರುತ್ತವೆ, ಮರೆಯಬೇಡಿ.

ಈ ಮೂರೂ ಅಲ್ಲ ಅಂದರೆ ನಾಲ್ಕನೆಯ ಕಾರಣ. ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಫೋಟೊ ಲೆಕ್ಕ

ಎಲ್ಲರೂ ಫೈಲಿನ ತೂಕ ನೋಡುತ್ತಾರೆ. "4 ಎಂಬಿ ಫೋಟೊ ಅಷ್ಟೇ, ನೂರು ಹಾಕಿದರೆ 400 ಎಂಬಿ, ಅದರಲ್ಲೇನಿದೆ?" ಲೆಕ್ಕ ತಪ್ಪುವುದು ಇಲ್ಲೇ. ಜೆಪೆಗ್ ಅನ್ನುವುದು ಸುತ್ತಿಟ್ಟ ಚಾಪೆ ಇದ್ದ ಹಾಗೆ. ಮೂಲೆಯಲ್ಲಿ ಗೇಣು ಜಾಗ ಸಾಕು. ಆದರೆ ತೋರಿಸಬೇಕು ಅಂದರೆ ಪೂರ್ತಿ ಬಿಡಿಸಿ ಹಾಸಲೇಬೇಕು.

12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಅಂದರೆ ಅಡ್ಡ 4000, ಉದ್ದ 3000 ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕೆ. ಒಟ್ಟು 1 ಕೋಟಿ 20 ಲಕ್ಷ. ಒಂದೊಂದು ಪಿಕ್ಸೆಲ್ಲಿನ ಬಣ್ಣಕ್ಕೆ ಕಡಿಮೆ ಅಂದರೂ 3 ಬೈಟ್ ಬೇಕು. ಅಲ್ಲಿಗೆ ಒಂದು ಫೋಟೊ ಬಿಡಿಸಿದರೆ 36 ಎಂಬಿ. ಕೆಲವು ಪ್ರೋಗ್ರಾಂಗಳು 4 ಬೈಟ್ ಬಳಸುತ್ತವೆ, ಆಗ 48 ಎಂಬಿ. ಅದೇ ಫೋಟೊ ನಿಮ್ಮ ಪುಟದಲ್ಲಿ 3 ಇಂಚು ಅಗಲ, 2 ಇಂಚು ಎತ್ತರ ಅಚ್ಚಾಗುತ್ತದೆ ಅಂತಿಟ್ಟುಕೊಳ್ಳಿ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಸಾಕು. ಅಂದರೆ 900 ಮತ್ತು 600. ಬಿಡಿಸಿದರೆ ಸುಮಾರು 1.6 ಎಂಬಿ. 36 ಎಲ್ಲಿ, 1.6 ಎಲ್ಲಿ!

ಇದು ಎದ್ದು ಕಾಣುವುದು ಸಮಿತಿಯ ಪುಟದಲ್ಲಿ. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಸದಸ್ಯರು ಎಲ್ಲಾ ಸೇರಿ ನಲವತ್ತು ಪಾಸ್‌ಪೋರ್ಟ್ ಅಳತೆಯ ಮುಖ. ಪ್ರತಿಯೊಬ್ಬರೂ ಮೊಬೈಲಿನಲ್ಲಿ ತೆಗೆದ ಪೂರ್ತಿ ಫೋಟೊವನ್ನೇ ಕಳಿಸಿರುತ್ತಾರೆ. ನೀವು ಅದನ್ನು ಹಾಕಿ, ಮೂಲೆ ಹಿಡಿದು ಎಳೆದು, ಬೆರಳಷ್ಟು ಮಾಡುತ್ತೀರಿ. ಕಣ್ಣಿಗೆ ಚಿಕ್ಕದಾಯಿತು, ಒಳಗೆ ಹಾಗೇ ಇದೆ. ನಲವತ್ತನ್ನು 36ರಿಂದ ಗುಣಿಸಿ: 1440 ಎಂಬಿ. ಒಂದೇ ಪುಟಕ್ಕೆ! ಅದನ್ನೇ 300ಕ್ಕೆ 400 ಪಿಕ್ಸೆಲ್ ಮಾಡಿ ಹಾಕಿದರೆ ನಲವತ್ತೂ ಸೇರಿ 15 ಎಂಬಿ ದಾಟುವುದಿಲ್ಲ. ದಾಖಲೆ ಯಾವ ಪುಟದಲ್ಲಿ ತಡವರಿಸುತ್ತದೆ ಅಂತ ನನ್ನನ್ನು ಕೇಳಿದರೆ, ಫೈಲ್ ನೋಡುವ ಮೊದಲೇ ಸಮಿತಿಯ ಪುಟ ಅನ್ನುತ್ತೇನೆ.

ಇನ್ನೊಂದು ಸೂಕ್ಷ್ಮ. ಜೆಪೆಗ್ ಕ್ವಾಲಿಟಿ ಇಳಿಸಿದರೆ ಫೈಲ್ ಚಿಕ್ಕದಾಗುತ್ತದೆ, ಮೆಮೊರಿ ಒಂದು ಚೂರೂ ಉಳಿಯುವುದಿಲ್ಲ. ಪಿಕ್ಸೆಲ್ ಅಷ್ಟೇ ಇರುತ್ತವಲ್ಲ. ಹಾಗಾಗಿ ಪಿಕ್ಸೆಲ್ ಇಳಿಸಿ, ಕ್ವಾಲಿಟಿ ಚೆನ್ನಾಗಿಯೇ ಇಡಿ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರದ ಫೋಟೊ ಹಾಕುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ನೂಲಿನಷ್ಟು ಸಣ್ಣ ಬಿಳಿ ಗೆರೆಗಳು. ಕ್ವಾಲಿಟಿ 60–70ಕ್ಕೆ ಇಳಿಸಿದರೆ ಗೆರೆಯ ಅಂಚಿನಲ್ಲಿ ಕೆಂಪು ಕಲಸಿಕೊಂಡು ಕೊಳೆಯಾದಂತೆ ಕಾಣುತ್ತದೆ. ಇಂಥ ಚಿತ್ರಕ್ಕೆ 92ಕ್ಕಿಂತ ಕೆಳಗೆ ಹೋಗಬೇಡಿ. ಜೋಗದ ಫೋಟೊಗೋ ಕೊಡಚಾದ್ರಿಯ ಮಂಜಿಗೋ 85 ಸಾಕು, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಸ್ಕ್ಯಾನ್ ಮಾಡಿದ ಹಳೇ ಫೋಟೊಗಳದ್ದು ಇನ್ನೂ ದೊಡ್ಡ ಕಥೆ. ಎ4 ಹಾಳೆಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಕಲರ್ ಸ್ಕ್ಯಾನ್ ಮಾಡಿದರೆ ಬಿಡಿಸಿದಾಗ 100 ಎಂಬಿ ದಾಟುತ್ತದೆ. 300 ಡಿಪಿಐ ಆದರೆ ಅದರ ಕಾಲು ಭಾಗ. ಲಿಂಗನಮಕ್ಕಿ ಅಣೆಕಟ್ಟಿಗೆ ಮುಂಚಿನ ಊರುಗಳ ಕಪ್ಪು ಬಿಳುಪು ಫೋಟೊ ಯಾರಾದರೂ ಪೆಟ್ಟಿಗೆಯಿಂದ ತೆಗೆದುಕೊಟ್ಟರೆ, ಕಾಪಿಟ್ಟುಕೊಳ್ಳಲು 600ರಲ್ಲೇ ಸ್ಕ್ಯಾನ್ ಮಾಡಿ, ಅದು ಮತ್ತೆ ಸಿಗದ ವಸ್ತು. ಆದರೆ ಪುಸ್ತಕಕ್ಕೆ ಅದರ ಚಿಕ್ಕ ಪ್ರತಿ ಹಾಕಿ. ಕಪ್ಪು ಬಿಳುಪನ್ನು ಗ್ರೇಸ್ಕೇಲ್‌ನಲ್ಲಿ ಉಳಿಸಿದರೆ ಬಣ್ಣದ್ದಕ್ಕಿಂತ ಮೂರನೇ ಒಂದು ಭಾಗ ಸಾಕು.

ವಾಟ್ಸಾಪ್‌ನಲ್ಲಿ ಮಾಮೂಲಾಗಿ ಬಂದ ಫೋಟೊಗಳ ಬಗ್ಗೆ ಮೆಮೊರಿಯ ಚಿಂತೆ ಬೇಡ. ಅದು ಮೊದಲೇ ಕುಗ್ಗಿಸಿ ಕಳಿಸಿರುತ್ತದೆ. ಅವನ್ನು ಪೂರ್ತಿ ಪುಟಕ್ಕೆ ಹಿಗ್ಗಿಸಬೇಡಿ ಅಷ್ಟೆ. ಭಾರ ಬರುವುದು ಡಾಕ್ಯುಮೆಂಟ್ ಆಗಿ ಕಳಿಸಿದವುಗಳಿಂದ, ಫೋಟೊಗ್ರಾಫರ್ ಪೆನ್‌ಡ್ರೈವ್‌ನಲ್ಲಿ ಕೊಟ್ಟವುಗಳಿಂದ.

ಒಳಗೆ ಕೂತಿರುವ ದೊಡ್ಡ ಫೋಟೊ ಹುಡುಕುವುದು

ಆಗಲೇ ಅರ್ಧ ಪುಸ್ತಕ ಮುಗಿದಿದ್ದರೆ ಈ ಉಪಾಯ ನೋಡಿ. ಫೈಲಿನ ಒಂದು ನಕಲು ಮಾಡಿಕೊಳ್ಳಿ. ಎಕ್ಸ್‌ಪ್ಲೋರರಿನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಕಾಣುವ ಹಾಗೆ ಮಾಡಿ. ನಕಲಿನ ಹೆಸರಿನ ಕೊನೆಯ ಡಾಕ್ಎಕ್ಸ್ ತೆಗೆದು ಜಿಪ್ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ವಿಂಡೋಸ್ ಒಮ್ಮೆ ಎಚ್ಚರಿಸುತ್ತದೆ, ಸರಿ ಅನ್ನಿ. ಈಗ ಅದನ್ನು ತೆರೆದರೆ ಒಳಗೆ ವರ್ಡ್ ಅನ್ನುವ ಫೋಲ್ಡರ್, ಅದರೊಳಗೆ ಮೀಡಿಯಾ. ನಿಮ್ಮ ಎಲ್ಲಾ ಚಿತ್ರಗಳೂ ಅಲ್ಲಿ ಸಾಲಾಗಿ ಇರುತ್ತವೆ. ಲಿಬ್ರೆ ಆಫೀಸಿನ ಓಡಿಟಿ ಫೈಲಿಗೂ ಇದೇ ಉಪಾಯ, ಅಲ್ಲಿ ಫೋಲ್ಡರಿನ ಹೆಸರು ಪಿಕ್ಚರ್ಸ್.

ಸೈಜ್ ಪ್ರಕಾರ ಜೋಡಿಸಿ ನೋಡಿ. ಮೇಲೆ ಪಿಎನ್‌ಜಿ ಫೈಲುಗಳು ಬಂದರೆ ಆಶ್ಚರ್ಯ ಬೇಡ. ಬೇರೆ ಪ್ರೋಗ್ರಾಂನಲ್ಲಿ ಫೋಟೊ ತೆರೆದು, ಕಾಪಿ ಮಾಡಿ, ಪೇಸ್ಟ್ ಮಾಡಿದರೆ ಅದು ಜೆಪೆಗ್ ಆಗಿ ಉಳಿಯದೆ ಹೀಗೆ ದಪ್ಪಗಾಗಿ ಕೂರುವುದುಂಟು. ಅದಕ್ಕೇ ಪೇಸ್ಟ್ ಬೇಡ, ಯಾವಾಗಲೂ ಇನ್ಸರ್ಟ್, ಪಿಕ್ಚರ್ಸ್ ಮೂಲಕವೇ ಹಾಕಿ.

ಫೋಟೊ ಚಿಕ್ಕದು ಮಾಡುವ ಕೆಲಸ

ಎರಡು ಫೋಲ್ಡರ್ ಮಾಡಿ. ಒಂದಕ್ಕೆ ಮೂಲ, ಇನ್ನೊಂದಕ್ಕೆ ಪುಸ್ತಕ ಅಂತ ಹೆಸರಿಡಿ. ಮೂಲಕ್ಕೆ ಕೈ ಹಚ್ಚಬೇಡಿ. ಆಮೇಲೆ ಫೋಟೊಗಳನ್ನು ಅಚ್ಚಾಗುವ ಅಳತೆಯ ಪ್ರಕಾರ ವಿಂಗಡಿಸಿ. ಡೆಮಿ 1/8 ಪುಸ್ತಕ ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಪೂರ್ತಿ ಪುಟದ ಫೋಟೊಗೆ ಉದ್ದದ ಬದಿ 2600 ಪಿಕ್ಸೆಲ್, ಅರ್ಧ ಪುಟಕ್ಕೆ 1400, ಕಾಲಂ ಒಳಗಿನ ಸಣ್ಣ ಫೋಟೊಗೆ 900, ಮುಖಗಳಿಗೆ 400. ಇಂಚನ್ನು 300ರಿಂದ ಗುಣಿಸುವುದಷ್ಟೇ ಲೆಕ್ಕ. ಮುಖಗಳನ್ನು ಮಾತ್ರ ಮೊದಲು ಕತ್ತರಿಸಿ, ಆಮೇಲೆ ಕುಗ್ಗಿಸಿ.

ಒಂದೊಂದೇ ಮಾಡುತ್ತಾ ಕೂರಬೇಡಿ. ಇರ್ಫಾನ್‌ವ್ಯೂ ಮನೆ ಬಳಕೆಗೆ ಪುಕ್ಕಟೆ. ತೆರೆದು ಬಿ ಅಕ್ಷರ ಒತ್ತಿದರೆ ಬ್ಯಾಚ್ ಕನ್ವರ್ಷನ್ ಕಿಟಕಿ ಬರುತ್ತದೆ. ಬೇಕಾದ ಫೋಟೊಗಳನ್ನು ಸೇರಿಸಿ, ಜೆಪೆಗ್ ಆಯ್ದು, ಪಕ್ಕದ ಆಪ್ಷನ್ಸ್‌ನಲ್ಲಿ ಕ್ವಾಲಿಟಿ ಕೊಡಿ. ಅಡ್ವಾನ್ಸ್‌ಡ್ ಒಳಗೆ ರಿಸೈಜ್ ಗುರುತು ಹಾಕಿ ಉದ್ದದ ಬದಿಯ ಪಿಕ್ಸೆಲ್ ಬರೆಯಿರಿ. ಚಿಕ್ಕ ಚಿತ್ರಗಳನ್ನು ಹಿಗ್ಗಿಸಬೇಡ ಅನ್ನುವ ಆಯ್ಕೆಯೂ ಅಲ್ಲೇ ಇದೆ, ಅದನ್ನೂ ಗುರುತಿಸಿ. ಔಟ್‌ಪುಟ್ ಫೋಲ್ಡರ್ ಮಾತ್ರ ಪುಸ್ತಕವೇ ಆಗಿರಲಿ, ಎರಡು ಸಲ ನೋಡಿ ಸ್ಟಾರ್ಟ್ ಒತ್ತಿ. ಇನ್ನೂರು ಫೋಟೊ ಇದ್ದರೂ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ.

ವರ್ಡ್ ಒಳಗೆ

ಫೋಟೊಗಳನ್ನು ಆಗಲೇ ಹಾಕಿಬಿಟ್ಟಿದ್ದೀರಿ, ಮತ್ತೆ ಹಾಕಲು ಸಮಯ ಇಲ್ಲ ಅಂದರೆ ವರ್ಡೇ ಕುಗ್ಗಿಸಿಕೊಡುತ್ತದೆ. ಯಾವುದಾದರೂ ಚಿತ್ರ ಒತ್ತಿ, ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ಕಂಪ್ರೆಸ್ ಪಿಕ್ಚರ್ಸ್. ಈ ಚಿತ್ರಕ್ಕೆ ಮಾತ್ರ ಅನ್ನುವ ಗುರುತು ತೆಗೆಯಿರಿ, ಇಲ್ಲದಿದ್ದರೆ ಒಂದೇ ಫೋಟೊ ಕುಗ್ಗುತ್ತದೆ. ಕತ್ತರಿಸಿದ ಭಾಗ ಅಳಿಸು ಅನ್ನುವುದನ್ನು ಗುರುತಿಸಿ. ವರ್ಡ್‌ನಲ್ಲಿ ಕ್ರಾಪ್ ಮಾಡಿದರೆ ಉಳಿದ ಭಾಗ ಹೋಗುವುದಿಲ್ಲ, ಕಾಣದಂತೆ ಒಳಗೇ ಇರುತ್ತದೆ. ಗುಂಪು ಫೋಟೊದಿಂದ ಒಬ್ಬರ ಮುಖ ಕತ್ತರಿಸಿ ಹಾಕಿದ್ದರೆ ಇಡೀ ಗುಂಪೇ ಒಳಗೆ ಕೂತಿದೆ ಅಂತ ತಿಳಿಯಿರಿ. ಕೊನೆಗೆ ರೆಸಲ್ಯೂಷನ್: ಅಚ್ಚಿಗೆ 330, ಅದಿಲ್ಲದಿದ್ದರೆ 220. 150ಕ್ಕೂ 96ಕ್ಕೂ ಕೈ ಹಾಕಬೇಡಿ. ಮುಗಿದ ಮೇಲೆ ಸೇವ್ ಮಾಡಿ, ಮುಚ್ಚಿ, ತೆರೆಯಿರಿ.

ನೀವೇ ಮೊದಲು ಅಳತೆ ಮಾಡಿ ಕುಗ್ಗಿಸಿ ಹಾಕುವವರಾದರೆ ಇದಕ್ಕೆ ಉಲ್ಟಾ. ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್‌ನಲ್ಲಿ ಇಮೇಜ್ ಸೈಜ್ ಆ್ಯಂಡ್ ಕ್ವಾಲಿಟಿ ಅಂತ ಇದೆ. ಅಲ್ಲಿ ಚಿತ್ರ ಕುಗ್ಗಿಸಬೇಡ ಅಂತ ಗುರುತು ಹಾಕಿ. ಇಲ್ಲವಾದರೆ ನಿಮ್ಮ 300ನ್ನು ಅದು ಸೇವ್ ಮಾಡುವಾಗ ತನ್ನ ಲೆಕ್ಕಕ್ಕೆ ಇಳಿಸಬಹುದು. ಅದರ ಮೇಲಿರುವ ಡಿಸ್ಕಾರ್ಡ್ ಎಡಿಟಿಂಗ್ ಡೇಟಾಗೂ ಗುರುತು ಹಾಕಿ.

ಅದೇ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ಕೆಳಗೆ ಶೋ ಪಿಕ್ಚರ್ ಪ್ಲೇಸ್‌ಹೋಲ್ಡರ್ಸ್ ಇದೆ. ಕರಡು ತಿದ್ದುವಾಗ ಇದನ್ನು ಹಾಕಿಕೊಂಡರೆ ಫೋಟೊ ಬದಲು ಖಾಲಿ ಚೌಕ ಕಾಣುತ್ತದೆ, ಪುಟಗಳು ಸರ್ರಂತ ಸರಿಯುತ್ತವೆ. ಆದರೆ ಸಾಲಿನೊಳಗೆ ಕೂರಿಸಿದ ಚಿತ್ರಗಳಿಗೆ ಮಾತ್ರ ಇದು ನಡೆಯುತ್ತದೆ. ತೇಲುವ ಚಿತ್ರಗಳು, ಅಂದರೆ ಸಾಲಿಗೆ ಅಂಟದೆ ಪುಟದಲ್ಲಿ ಎಲ್ಲಿ ಬೇಕಾದರೂ ಕೂರುವಂಥವು, ಜಾಸ್ತಿ ಇದ್ದರೆ ವರ್ಡ್ ಪ್ರತಿ ಅಕ್ಷರಕ್ಕೂ ಪುಟವನ್ನು ಮತ್ತೆ ಜೋಡಿಸುತ್ತಾ ಸುಸ್ತಾಗುತ್ತದೆ. ಸಮಿತಿಯ ಪುಟಕ್ಕೆ ಒಂದು ಟೇಬಲ್ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ಮುಖ, ಕೆಳಗೆ ಹೆಸರು ಹಾಕಿ. ಅಧ್ಯಕ್ಷರ ಫೋಟೊ ಬದಲಿಸಿ ಅಂತ ಕೊನೇ ದಿನ ಫೋನ್ ಬಂದಾಗ ಉಳಿದ ಮೂವತ್ತೊಂಬತ್ತು ಮಂದಿ ಜಾಗ ಬಿಟ್ಟು ಕದಲುವುದಿಲ್ಲ.

ತುಂಡು ಮಾಡಿ ಕೆಲಸ ಮಾಡುವುದು

ವರ್ಡ್ ಫೈಲ್ ಚಿತ್ರ ಸಮೇತ 512 ಎಂಬಿ ದಾಟುವಂತಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ಸಂದೇಶಗಳು, ಇತಿಹಾಸ, ಲೇಖನಗಳು, ಚಿತ್ರಸಂಪುಟ, ಜಾಹೀರಾತು ಅಂತ ಬೇರೆ ಬೇರೆ ಫೈಲ್ ಮಾಡಿ. ಪುಟ ಸಂಖ್ಯೆಯನ್ನು ಪ್ರತಿ ಫೈಲಿನಲ್ಲೂ ಇಷ್ಟರಿಂದ ಶುರು ಮಾಡು ಅಂತ ಹೇಳಬಹುದು. ಕೊನೆಗೆ ಪ್ರತಿಯೊಂದನ್ನೂ ಪಿಡಿಎಫ್ ಮಾಡಿ, ಪಿಡಿಎಫ್‌ಸ್ಯಾಮ್ ಥರದ ಉಚಿತ ಪ್ರೋಗ್ರಾಂನಲ್ಲಿ ಜೋಡಿಸಿ. ವರ್ಡ್‌ನ ಮಾಸ್ಟರ್ ಡಾಕ್ಯುಮೆಂಟ್ ಅನ್ನುವ ಸೌಲಭ್ಯ ಇದಕ್ಕೇ ಇದೆ, ಆದರೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅದು ಕೆಟ್ಟರೆ ಒಳಗಿನ ಫೈಲುಗಳನ್ನೂ ಕೆಡಿಸಿಕೊಂಡು ಕೂರುತ್ತದೆ. ಲಿಬ್ರೆ ಆಫೀಸಿನದ್ದು ವಾಸಿ.

ಲಿಬ್ರೆ ಆಫೀಸಿನಲ್ಲಿ ಇನ್ನೂ ಎರಡು ಅನುಕೂಲ. ವ್ಯೂನಲ್ಲಿ ಇಮೇಜಸ್ ಆ್ಯಂಡ್ ಚಾರ್ಟ್ಸ್ ಗುರುತು ತೆಗೆದರೆ ಎಲ್ಲಾ ಚಿತ್ರಗಳೂ ಮರೆಯಾಗುತ್ತವೆ. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕಂಪ್ರೆಸ್ ಸಿಗುತ್ತದೆ, ಮೊದಲು ಎಷ್ಟಿತ್ತು, ಈಗ ಎಷ್ಟಾಗುತ್ತದೆ ಅಂತ ಲೆಕ್ಕವನ್ನೂ ತೋರಿಸುತ್ತದೆ.

ಚಿತ್ರವನ್ನು ಒಳಗೆ ತುಂಬದೆ ಲಿಂಕ್ ಮಾಡುವ ದಾರಿಯೂ ಉಂಟು. ವರ್ಡ್‌ನಲ್ಲಿ ಚಿತ್ರ ಆಯ್ದ ಮೇಲೆ ಇನ್ಸರ್ಟ್ ಗುಂಡಿಯ ಪಕ್ಕದ ಬಾಣ ಒತ್ತಿದರೆ ಲಿಂಕ್ ಟು ಫೈಲ್ ಸಿಗುತ್ತದೆ. ಫೈಲ್ ಹಗುರವಾಗುತ್ತದೆ, ಬೇಗ ಸೇವ್ ಆಗುತ್ತದೆ. ಆದರೆ ತೋರಿಸುವಾಗ ಚಿತ್ರವನ್ನು ಹೇಗೂ ಬಿಡಿಸಲೇಬೇಕು, ಹಾಗಾಗಿ ದೊಡ್ಡ ಫೋಟೊಗೆ ಇದು ಮದ್ದಲ್ಲ. ಫೋಲ್ಡರಿನ ಹೆಸರು ಬದಲಾಯಿಸಿದರಂತೂ ಚಿತ್ರಗಳೆಲ್ಲಾ ಮಾಯ. ಪೇಜ್‌ಮೇಕರ್ ಅನ್ನುವ ಹಳೇ ಪುಟವಿನ್ಯಾಸದ ಪ್ರೋಗ್ರಾಂ ಬಳಸುವ ಪ್ರೆಸ್‌ಗಳು ನಮ್ಮ ಕಡೆ ಇನ್ನೂ ಇವೆ. ದೊಡ್ಡ ಚಿತ್ರ ಹಾಕಿದಾಗ ಅದು ಪೂರ್ತಿ ಪ್ರತಿಯನ್ನು ಒಳಗೇ ಇಡಬೇಕಾ ಅಂತ ಕೇಳುತ್ತದೆ, ಬೇಡ ಅನ್ನಿ.

ಮೆಸೇಜ್ ಸುಳ್ಳು ಹೇಳಿದಾಗ

ಫೈಲ್ ಚಿಕ್ಕದಿದೆ, ಮೆಮೊರಿ ಖಾಲಿ ಇದೆ, ಸಿ ಡ್ರೈವ್‌ನಲ್ಲಿ ಜಾಗ ಇದೆ. ಆದರೂ "ಮೆಮೊರಿ ಅಥವಾ ಡಿಸ್ಕ್ ಜಾಗ ಸಾಲದು, ಕೇಳಿದ ಫಾಂಟ್ ತೋರಿಸಲಾಗದು" ಅಂತ ಬರುತ್ತದೆ. ಹೆಚ್ಚಾಗಿ ಕೆಟ್ಟಿರುವುದು ವರ್ಡ್‌ನ ನಾರ್ಮಲ್ ಅನ್ನುವ ಟೆಂಪ್ಲೇಟ್ ಫೈಲ್. ವರ್ಡ್ ಮುಚ್ಚಿ, ನಿಮ್ಮ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ಟೆಂಪ್ಲೇಟ್ಸ್ ಒಳಗೆ ಹೋಗಿ. ಆ್ಯಪ್‌ಡೇಟಾ ಮಾಮೂಲಾಗಿ ಕಾಣುವುದಿಲ್ಲ, ವ್ಯೂನಲ್ಲಿ ಹಿಡನ್ ಐಟಂಸ್ ಹಾಕಬೇಕು. ನಾರ್ಮಲ್ ಫೈಲಿಗೆ ಹಳೇ ನಾರ್ಮಲ್ ಅಂತ ಹೆಸರಿಟ್ಟು ವರ್ಡ್ ತೆರೆದರೆ ಅದು ಹೊಸದನ್ನು ಮಾಡಿಕೊಳ್ಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಫಾಂಟ್ ನೋಡಿ. ಹತ್ತು ಜನರಿಂದ ಲೇಖನ ಬಂದಿರುತ್ತದೆ, ಒಬ್ಬೊಬ್ಬರದ್ದು ಒಂದೊಂದು ಕನ್ನಡ ಫಾಂಟ್, ಎಲ್ಲವನ್ನೂ ನೀವು ಹಾಕಿಕೊಂಡಿರುತ್ತೀರಿ. ಅದರಲ್ಲೊಂದು ಕೆಟ್ಟ ಫಾಂಟ್ ಇದ್ದರೆ ಸಾಕು. ಇತ್ತೀಚೆಗೆ ಹಾಕಿದವನ್ನು ಒಂದೊಂದೇ ತೆಗೆದು ನೋಡಿ. ಪ್ರಿಂಟರನ್ನೂ ಅನುಮಾನಿಸಿ. ವರ್ಡ್ ಪುಟ ಜೋಡಿಸುವಾಗ ಡೀಫಾಲ್ಟ್ ಪ್ರಿಂಟರನ್ನು ಕೇಳುತ್ತದೆ. ಆಫೀಸಿನ ನೆಟ್‌ವರ್ಕ್ ಪ್ರಿಂಟರ್ ಹಾಕಿಟ್ಟು ಲ್ಯಾಪ್‌ಟಾಪ್ ಮನೆಗೆ ತಂದಿದ್ದರೆ ಇಲ್ಲದ ಪ್ರಿಂಟರಿಗೆ ಕಾಯುತ್ತಾ ಕೂರುತ್ತದೆ. ಪ್ರಿಂಟ್ ಟು ಪಿಡಿಎಫ್ ಅನ್ನು ಡೀಫಾಲ್ಟ್ ಮಾಡಿ.

ಕಡೆಯದಾಗಿ ಯಂತ್ರ

ವಿಂಡೋಸ್‌ನ ಪೇಜಿಂಗ್ ಫೈಲ್ (ಡಿಸ್ಕಿನಲ್ಲಿ ಅದು ಮೆಮೊರಿಯ ಹೊರೆ ಇಳಿಸುವ ಜಾಗ) ಅನ್ನು ಯಾರಾದರೂ ವೇಗ ಬರುತ್ತೆ ಅಂತ ಆಫ್ ಮಾಡಿಟ್ಟಿದ್ದರೆ ಮತ್ತೆ ಆನ್ ಮಾಡಿ, ಗಾತ್ರವನ್ನು ವಿಂಡೋಸ್‌ಗೇ ಬಿಡಿ. ರ‍್ಯಾಮ್ ಹಾಕಿಸಲೇಬೇಕು ಅಂದರೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇದೆ, ಎಷ್ಟು ಬಳಕೆಯಲ್ಲಿದೆ ನೋಡಿಕೊಂಡು ಹೋಗಿ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ. ವಿಂಡೋಸ್ 32 ಬಿಟ್ ಆಗಿದ್ದರೆ 8 ಜಿಬಿ ಹಾಕಿಸಿದರೂ 4 ದಾಟುವುದಿಲ್ಲ, ದುಡ್ಡು ದಂಡ.

ನಮ್ಮಲ್ಲಿ ಮಳೆಗಾಲದ್ದೇ ಒಂದು ಕಾಟ. ಜೂನ್‌ನಿಂದ ಗೋಡೆಯೇ ಬೆವರುತ್ತದೆ, ಇನ್ನು ರ‍್ಯಾಮ್ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳ ಪಾಡೇನು? ಸುಮ್ಮಸುಮ್ಮನೆ ನೀಲಿ ಪರದೆ, ಬೀಪ್ ಸದ್ದು, 8 ಜಿಬಿ ಇದ್ದದ್ದು 4 ಅಂತ ತೋರಿಸುವುದು, ಇವೆಲ್ಲ ಸಂಪರ್ಕ ಕೆಟ್ಟ ಲಕ್ಷಣ ಇರಬಹುದು. ಪ್ಲಗ್ ಕಿತ್ತು, ಪಟ್ಟಿ ತೆಗೆದು, ಹಲ್ಲುಗಳನ್ನು ಮೆತ್ತಗಿನ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವವರೆಗೆ ಕೂರಿಸಿ. ಆಮೇಲೆ ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಹುಡುಕಿ ಓಡಿಸಿ, ರ‍್ಯಾಮೇ ಹಾಳಾಗಿದ್ದರೆ ಹೇಳುತ್ತದೆ. ಗುಡುಗು ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ವರ್ಡ್ ತಾನಾಗಿ ಉಳಿಸಿಕೊಳ್ಳುವ ಆಟೋ ರಿಕವರಿ ಮಾಮೂಲಾಗಿ 10 ನಿಮಿಷಕ್ಕೊಮ್ಮೆ ಇರುತ್ತದೆ, ಅದನ್ನು 5ಕ್ಕೆ ಇಳಿಸಿ. ಫೋಟೊ ಕುಗ್ಗಿಸಿದ ಫೈಲಿಗೆ ಅದು ಭಾರವೇ ಅಲ್ಲ.

ಪ್ರೆಸ್‌ಗೆ ಕೊಡುವಾಗ ಜೋಡಿಸಿದ ಪಿಡಿಎಫ್, ಅದರ ಜೊತೆ ಪುಸ್ತಕ ಫೋಲ್ಡರ್, ಬಳಸಿದ ಫಾಂಟುಗಳು, ಮೂರನ್ನೂ ಒಂದೇ ಪೆನ್‌ಡ್ರೈವ್‌ಗೆ ಹಾಕಿ. ಪಿಡಿಎಫ್ ಮಾಡುವಾಗ ಮಿನಿಮಮ್ ಸೈಜ್ ಅನ್ನುವುದನ್ನು ಆಯ್ಕೆ ಮಾಡಬೇಡಿ, ಅದು ಪರದೆಯ ಮೇಲೆ ಓದುವುದಕ್ಕೆ. ಲಿಬ್ರೆ ಆಫೀಸಿನಲ್ಲಾದರೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ 300 ಡಿಪಿಐ, ಜೆಪೆಗ್ 90 ಇದೆಯಾ ನೋಡಿಕೊಳ್ಳಿ. ಮೂಲ ಫೋಟೊಗಳು ನಿಮ್ಮಲ್ಲೇ ಇರಲಿ. ಮುಖಪುಟಕ್ಕೆ ದೊಡ್ಡದು ಬೇಕು ಅಂತ ಪ್ರೆಸ್‌ನವರು ಕೇಳಿಯೇ ಕೇಳುತ್ತಾರೆ, ಆಗ ಆ ಒಂದನ್ನು ಮಾತ್ರ ಬೇರೆಯಾಗಿ ಕೊಡಿ.